ಹೆಣ್ಣು, ಆಸ್ತಿ, ಕೂಲಿ, ಸಮಾನತೆ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡೊಂಬಿವಲಿಯವಳು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮುಂಬೈ, ಠಾಣೆ ಕಡೆಯ ಕನ್ನಡ ಸಂಘಗಳ ಮಹಿಳಾ ವಿಭಾಗಗಳಲ್ಲಿ ಆಸ್ತಿ ಹಕ್ಕು, ನಾಮಿನೇಷನ್, ಉಯಿಲು ಮುಂತಾದವುಗಳ ಬಗ್ಗೆ ಮಾತನಾಡುತ್ತಾ ಬಂದಿದ್ದೇನೆ. ಮಾತು ಎಲ್ಲಿಂದ ಹೊರಟರೂ ಕೊನೆಗೆ ಸ್ತ್ರೀವಾದಕ್ಕೆ ಬಂದು ನಿಲ್ಲುತ್ತದೆ. ಸಭೆ ಮುಗಿದ ಮೇಲೆ ಚಹಾ ಹೊತ್ತಿಗೆ ಕೇಳಿದವರು, ಪುಣೆಯಿಂದ, ಗೋವಾದ ವಾಸ್ಕೋದಿಂದ ಪತ್ರ ಬರೆದವರು, ರೈಲಿನಲ್ಲಿ ಜಗಳಕ್ಕೆ ನಿಂತವರು, ಎಲ್ಲರ ಪ್ರಶ್ನೆಗಳನ್ನೂ ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ನನ್ನವು, ಯಾವ ಸಂಘದ ನಿಲುವೂ ಅಲ್ಲ.

## ಮೊದಲು ಕೇಳುವವು

ನೀವು ಸ್ತ್ರೀವಾದವನ್ನು ಬೈಯುತ್ತೀರಿ. ಹಾಗಾದರೆ ಸಮಾನತೆ ಬೇಡವೆನ್ನುತ್ತೀರಾ?

ಬೇಕು. ಅದರಲ್ಲಿ ಎರಡು ಮಾತಿಲ್ಲ. ಆಸ್ತಿಯಲ್ಲಿ ಸಮಪಾಲು, ಸಮಾನ ಕೆಲಸಕ್ಕೆ ಸಮಾನ ಕೂಲಿ, ಹೊಡೆತವಿಲ್ಲದ ಮನೆ, ಭಯವಿಲ್ಲದ ರಸ್ತೆ, ತನ್ನ ಮದುವೆಯನ್ನೂ ಬಸಿರನ್ನೂ ತಾನೇ ತೀರ್ಮಾನಿಸುವ ಅಧಿಕಾರ. ಇಷ್ಟನ್ನು ಸ್ತ್ರೀವಾದ ಎನ್ನುವುದಾದರೆ ನಾನು ಸ್ತ್ರೀವಾದಿಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರ ಪೈಕಿ ನೂರಕ್ಕೆ ಸುಮಾರು 29 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನಮ್ಮ ಕರ್ನಾಟಕದಲ್ಲಿ ಅದು 44. ಇಂಥ ದೇಶದಲ್ಲಿ ಹೆಣ್ಣಿನ ಹೋರಾಟ ಮುಗಿದುಹೋಯಿತು ಎನ್ನುವವರ ಜೊತೆ ನನಗೆ ಮಾತಿಲ್ಲ. ನನ್ನ ತಕರಾರು ಹೋರಾಟದ ದಿಕ್ಕಿನ ಬಗ್ಗೆ.

ಹಾಗಾದರೆ ಆ ತಕರಾರು ಏನು? ಸುತ್ತಿ ಬಳಸದೆ ಹೇಳಿ.

ಹಳೆಯ ಸ್ತ್ರೀವಾದ ಕಾಗದಪತ್ರ, ಕೂಲಿ, ಕಾನೂನು, ಶಾಲೆಗಳ ಬೆನ್ನು ಹತ್ತಿತ್ತು. ಈಗ ನಗರಗಳಲ್ಲಿ ಸದ್ದು ಮಾಡುವ ಸ್ತ್ರೀವಾದ ಮಾತು, ಬಿಂಬ, ಸನ್ಮಾನಗಳ ಬೆನ್ನು ಹತ್ತಿದೆ. ಯಾವುದೋ ಜಾಹೀರಾತಿನ ಒಂದು ಸಾಲಿಗೆ ವಾರಗಟ್ಟಲೆ ಸಿಟ್ಟು ಬರುತ್ತದೆ. ಕಬ್ಬಿನ ಗದ್ದೆಯಲ್ಲಿರುವ ಹೆಂಗಸಿಗಾಗಿ ಒಂದು ದಿನವೂ ಬರುವುದಿಲ್ಲ.

ಕಬ್ಬಿನ ಗದ್ದೆಯ ಮಾತು ಸುಮ್ಮನೆ ಹೇಳಿದ್ದಲ್ಲ. ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ಕಬ್ಬು ಕಡಿಯುವವರು ಸಂಸಾರ ಸಮೇತ ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳಿಗೂ ಉತ್ತರ ಕರ್ನಾಟಕದ ಕಾರ್ಖಾನೆಗಳಿಗೂ ಹೊರಡುತ್ತಾರೆ. ಅಲ್ಲಿನ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು. ಕೂಲಿಯವರನ್ನು ಒದಗಿಸುವ ಗುತ್ತಿಗೆದಾರ, ಅಂದರೆ ಮುಕಾದಮ, ಮುಂಗಡವಾಗಿ ಕೊಡುವ ‘ಉಚಲ್’ ಸೇರುವುದು ಗಂಡನ ಕೈಗೆ. ಹೆಂಗಸು ಕತ್ತಲಿರುವಾಗಲೇ ಎದ್ದು, ಗದ್ದೆಯಲ್ಲಿ ಕಡಿದ ಕಬ್ಬನ್ನು ಕಟ್ಟಿ, ಹೊರೆ ಹೊತ್ತು ಗಾಡಿಗೆ ಏರಿಸುತ್ತಾಳೆ. ಅವಳ ಹೆಸರಿನಲ್ಲಿ ಒಂದು ರೂಪಾಯಿ ಪಗಾರವೂ ಬರೆಯಲ್ಪಡುವುದಿಲ್ಲ. ಈ ಹೆಂಗಸರಲ್ಲಿ ಬಹಳ ಮಂದಿ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಎಂಬುದು 2019ರಲ್ಲಿ ಬಯಲಾದಾಗ ಮಹಾರಾಷ್ಟ್ರ ಸರ್ಕಾರ ತನಿಖಾ ಸಮಿತಿಯನ್ನೇ ನೇಮಿಸಬೇಕಾಯಿತು. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಕಳೆದು ದಂಡವೂ ಬೀಳುವಂಥ ದುಡಿಮೆ ಅದು. ಆ ವರ್ಷ ನಮ್ಮ ಕಡೆಯ ಮಹಿಳಾ ಸಮಾವೇಶಗಳಲ್ಲಿ ಈ ವಿಷಯ ಎಷ್ಟು ಚರ್ಚೆಯಾಗಬೇಕಿತ್ತೋ ಅಷ್ಟು ಆಗಲಿಲ್ಲ. ನನ್ನ ಸಿಟ್ಟಿನ ಮೂಲ ಅಲ್ಲಿದೆ.

ಇದೆಲ್ಲ ವಿದೇಶದಿಂದ ಬಂದ ಸರಕು. ನಮ್ಮ ಮಣ್ಣಿಗೆ ಒಗ್ಗುತ್ತದೆಯೇ?

ಪುಣೆಯಲ್ಲಿ ಕುಳಿತು ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸಾವಿತ್ರಿಬಾಯಿ ಮತ್ತು ಜೋತಿರಾವ್ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಭಿಡೆ ವಾಡಾ ಇದ್ದದ್ದು ಅವರ ಊರಿನಲ್ಲೇ. ವಿಧವೆಯರ ಆಶ್ರಮದಿಂದ ಆರಂಭಿಸಿ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಕಟ್ಟಿದ ಧೋಂಡೋ ಕೇಶವ ಕರ್ವೆ ದುಡಿದದ್ದೂ ಅಲ್ಲೇ. ಮುಂಬೈಯ ರಖ್ಮಾಬಾಯಿಯನ್ನು ನೆನೆಯಿರಿ. ಹನ್ನೊಂದನೆಯ ವಯಸ್ಸಿನಲ್ಲಿ ಆದ ಮದುವೆಯನ್ನು ಆಕೆ ಒಪ್ಪಲಿಲ್ಲ. ಗಂಡನ ಮನೆಗೆ ಹೋಗು, ಇಲ್ಲವೇ ಜೈಲಿಗೆ ಹೋಗು ಎಂದು 1887ರಲ್ಲಿ ನ್ಯಾಯಾಲಯ ಹೇಳಿದಾಗ ಜೈಲಾದರೂ ಸರಿ ಎಂದಳು. ಮುಂದೆ ಲಂಡನ್ನಿನಲ್ಲಿ ಓದಿ ಡಾಕ್ಟರಾಗಿ ಮರಳಿದಳು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಆಕೆ 1889ರಲ್ಲಿ ಮುಂಬೈಯಲ್ಲಿ ತೆರೆದ ಶಾರದಾ ಸದನ ಬಾಲವಿಧವೆಯರಿಗೆ ಅಕ್ಷರ ಕಲಿಸಿತು. ಇವರು ಯಾರೂ ಹೊರಗಿನ ಕಷ್ಟವನ್ನು ಎರವಲು ತಂದವರಲ್ಲ. ಕಣ್ಣೆದುರು ತಲೆ ಬೋಳಿಸಿಕೊಂಡು ಕುಳಿತ ಹುಡುಗಿಯರನ್ನು ಕಂಡು ಎದ್ದು ನಿಂತವರು.

ನಮ್ಮ ತುಳುನಾಡಿನಲ್ಲಿ ಅಳಿಯಸಂತಾನ ಇತ್ತು. ನಮ್ಮ ಹೆಣ್ಣುಮಕ್ಕಳಿಗೆ ಮೊದಲಿನಿಂದಲೂ ಸಮಾನತೆ ಇತ್ತಲ್ಲ?

ಮುಂಬೈಯಲ್ಲಿ ಬಂಟ, ಬಿಲ್ಲವ, ಮೊಗವೀರ ಸಮಾಜದವರ ಸಭೆಗಳಲ್ಲಿ ಈ ಹೆಮ್ಮೆಯ ಮಾತು ಬಂದೇ ಬರುತ್ತದೆ. ಅದರಲ್ಲಿ ಸತ್ಯವಿದೆ. ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು. ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆಯಿತು ಎಂಬ ಸಂತೋಷವಿತ್ತು. ಗಂಡ ಸತ್ತರೆ, ಸಂಬಂಧ ಮುರಿದರೆ ತಾಯಿಮನೆ ಎಂಬ ನೆಲೆ ಇತ್ತು. ಇದು ಸಣ್ಣ ಸಂಗತಿಯಲ್ಲ.

ಆದರೆ ಸಾಮಾನ್ಯವಾಗಿ ಕುಟುಂಬದ ಯಜಮಾನಿಕೆ ಮಾಡುತ್ತಿದ್ದವನು ಹಿರಿಯ ಮಾವ. ಹೆಂಗಸು ಯಜಮಾನ್ತಿಯಾಗಲು ಅವಕಾಶವಿದ್ದರೂ ಲೆಕ್ಕ, ಕಾಗದ, ಗೇಣಿ, ಕೋರ್ಟು ಎಲ್ಲ ಗಂಡಸರ ಕೈಯಲ್ಲೇ ಇರುತ್ತಿದ್ದವು. ಮುಂಬೈಗೆ ಬಂದ ಮೇಲಂತೂ ಆ ಹಳೆಯ ನೆಲೆಯೂ ಹೋಯಿತು. ಇಲ್ಲಿ ಕಟ್ಟಿದ ಹೋಟೆಲು, ಗಳಿಸಿದ ಲೈಸೆನ್ಸು, ಕೊಂಡ ಗಾಳಾ (ಮಳಿಗೆ) ತಂದೆಯಿಂದ ಮಗನಿಗೆ ಇಳಿಯುತ್ತವೆ. ವೇದಿಕೆಯಲ್ಲಿ ತಾಯಿಮೂಲದ ಸಂಸ್ಕೃತಿಯನ್ನು ಹೊಗಳುವ ಹೋಟೆಲು ಮಾಲೀಕರಲ್ಲಿ ಮಗಳನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದವರು ಎಷ್ಟು ಮಂದಿ ಎಂದು ನಾನು ನೇರವಾಗಿ ಕೇಳುತ್ತೇನೆ. ಉತ್ತರ ಬರುವುದಿಲ್ಲ.

## ಮನೆ, ಆಸ್ತಿ, ದುಡಿಮೆ

ತವರಿನಲ್ಲಿ ಪಾಲು ಕೇಳಿದರೆ ಅಣ್ಣ-ತಮ್ಮಂದಿರ ಸಂಬಂಧ ಕೆಡುವುದಿಲ್ಲವೇ?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಹೆಂಗಸರು ಇದನ್ನು ಯಾವಾಗಲೂ ದನಿ ತಗ್ಗಿಸಿಯೇ ಕೇಳುತ್ತಾರೆ.

ಊರಿನಲ್ಲಿ ಆಗುವುದೇನು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಂದೆ ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ ಮುಂಬೈಯ ಅಕ್ಕನಿಗೆ ಫೋನು ಬರುತ್ತದೆ: “ಒಂದು ಸಹಿ ಬೇಕಿತ್ತು ಅಕ್ಕಾ, ಎರಡು ದಿನಕ್ಕೆ ಬಂದು ಹೋಗು.” ಅವಳು ಮತ್ಸ್ಯಗಂಧಾ ರೈಲು ಹತ್ತಿ ಹೋಗುತ್ತಾಳೆ. ಮರುದಿನ ಬೆಳಿಗ್ಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚು. ಪತ್ರಬರಹಗಾರ ತಯಾರಿಸಿಟ್ಟ ಹಕ್ಕು ಬಿಡುಗಡೆ ಪತ್ರ. ಅದರಲ್ಲಿ ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ’ ಎಂಬ ಸಾಲು ಇದ್ದೇ ಇರುತ್ತದೆ. ಅವಳು ಮುಂಬೈಯ ಮರಾಠಿ ಶಾಲೆಯಲ್ಲಿಯೋ ಇಂಗ್ಲಿಷ್ ಶಾಲೆಯಲ್ಲಿಯೋ ಓದಿದವಳಾದರೆ ಆ ಕನ್ನಡವನ್ನು ಓದಲೂ ಬಾರದು. ತಮ್ಮ ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕುತ್ತಾಳೆ, ಹೆಬ್ಬೆಟ್ಟು ಒತ್ತುತ್ತಾಳೆ, ಕ್ಯಾಮೆರಾದ ಮುಂದೆ ಕೂರುತ್ತಾಳೆ. ಮಧ್ಯಾಹ್ನ ಮನೆಯಲ್ಲಿ ಪಾಯಸದ ಊಟ. ಹೊರಡುವಾಗ ತಟ್ಟೆಯಲ್ಲಿ ಸೀರೆ, ಕುಂಕುಮ, ಐದು ತೆಂಗಿನಕಾಯಿ. ಹೆದ್ದಾರಿಯ ಪಕ್ಕದ ಒಂದು ಎಕರೆಯಲ್ಲಿ ತನಗೆ ಬರಬೇಕಾಗಿದ್ದ ಭಾಗವನ್ನು ಅವಳು ಅಲ್ಲಿ ಬಿಟ್ಟು ಬಂದಿರುತ್ತಾಳೆ.

ಕಾನೂನು ಹೇಳುವುದು ಇಷ್ಟು. ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟವು, ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟವು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಮಗಳು ಹುಟ್ಟಿನಿಂದಲೇ ಮಗನಂತೆ ಸಮಪಾಲುದಾರಳು, ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆಗಿಹೋದ ಪಾಲುಪಟ್ಟಿಯನ್ನು ಮಾತ್ರ ಕೆದಕುವಂತಿಲ್ಲ.

ಇನ್ನು ಸಂಬಂಧದ ಮಾತು. ಅಣ್ಣ ತನ್ನ ಪಾಲು ತೆಗೆದುಕೊಂಡರೆ ಸಂಬಂಧ ಕೆಡುವುದಿಲ್ಲ, ತಂಗಿ ತೆಗೆದುಕೊಂಡರೆ ಕೆಡುತ್ತದೆ ಎಂದಾದರೆ ಆ ಸಂಬಂಧ ಅಷ್ಟು ವರ್ಷವೂ ಅವಳ ಪಾಲಿನ ಮೇಲೆಯೇ ನಿಂತಿತ್ತು ಎಂದಾಯಿತು. ನಾನು ಕೊಡುವ ಸಲಹೆ ಒಂದೇ. ಮೊದಲು ಪಾಲು ನಿಮ್ಮ ಹೆಸರಿಗೆ ಆಗಲಿ. ಅಣ್ಣನಿಗೆ ಕಷ್ಟವಿದ್ದರೆ ಆಮೇಲೆ ನೀವಾಗಿಯೇ ದಾನಪತ್ರ ಮಾಡಿಕೊಡಿ. ಕೈಯಲ್ಲಿ ಇರುವುದನ್ನು ಕೊಡುವುದು ಔದಾರ್ಯ. ಕೈಗೆ ಬರುವ ಮುಂಚೆಯೇ ಬರೆಸಿಕೊಂಡರೆ ಅದು ಕಿತ್ತುಕೊಂಡಂತೆಯೇ.

ನಮ್ಮ ಫ್ಲಾಟ್ ಹೆಂಡತಿಯ ಹೆಸರಿನಲ್ಲೇ ಇದೆ. ಇನ್ನೇನು ಸಮಾನತೆ ಬೇಕು?

2021ರಿಂದ ಮಹಾರಾಷ್ಟ್ರದಲ್ಲಿ ಹೆಣ್ಣಿನ ಹೆಸರಿಗೆ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1 ರಿಯಾಯಿತಿ ಇದೆ. ಒಳ್ಳೆಯ ಕ್ರಮ. ಆದರೆ ಹೆಸರು ಅವಳದು, ಫ್ಲಾಟಿಗೆ ಸೊಸೈಟಿ ಕೊಡುವ ಶೇರ್ ಸರ್ಟಿಫಿಕೇಟು ಗಂಡನ ಕಪಾಟಿನಲ್ಲಿ, ಸೊಸೈಟಿಯ ವಾರ್ಷಿಕ ಸಭೆಗೆ ಹೋಗುವವನೂ ಗಂಡ ಎಂಬಂಥ ಮನೆಗಳು ನಮ್ಮ ಕಟ್ಟಡದಲ್ಲೇ ಇವೆ. ಗೋವಾದಲ್ಲಿ ಇದಕ್ಕಿಂತ ಗಟ್ಟಿಯಾದ ವ್ಯವಸ್ಥೆಯಿದೆ. ಅಲ್ಲಿ ಉಳಿದುಬಂದಿರುವ ಪೋರ್ಚುಗೀಸ್ ಕಾಲದ ಸಿವಿಲ್ ಸಂಹಿತೆಯ ಪ್ರಕಾರ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟು ಆಸ್ತಿಗೆ ಸರಿಸಮ ಒಡೆಯರು. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮನೆ ಮಾರುವಂತಿಲ್ಲ. ಕರ್ನಾಟಕದಿಂದ ಹೋಗಿ ವಾಸ್ಕೋ, ಮಾಪ್ಸಾಗಳಲ್ಲಿ ನೆಲೆಸಿದವರಿಗೆಲ್ಲ ಅದು ತಾನಾಗಿ ಅನ್ವಯಿಸುವುದಿಲ್ಲ, ನಿಜ. ಆದರೂ ದುಡಿದು ಗಳಿಸಿದ್ದರಲ್ಲಿ ಮನೆ ನಡೆಸಿದವಳಿಗೂ ಅರ್ಧ ಎಂಬ ತತ್ತ್ವ ಇಡೀ ದೇಶಕ್ಕೆ ಬರಬೇಕೆಂದು ನಾನು ಬಯಸುತ್ತೇನೆ. ಅದರ ಬಗ್ಗೆ ನಮ್ಮ ಮಹಿಳಾ ಸಂಘಟನೆಗಳು ಗಟ್ಟಿಯಾಗಿ ದನಿ ಎತ್ತದಿರುವುದು ನನಗೆ ಅರ್ಥವಾಗದ ಸಂಗತಿ.

ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅಡುಗೆಮನೆಯ ಲೆಕ್ಕವನ್ನೆಲ್ಲ ಹೋರಾಟ ಎನ್ನುವುದು ಅತಿಯಲ್ಲವೇ?

ಲೆಕ್ಕ ಹಾಕಿದ್ದು ನಾನಲ್ಲ, ಕೇಂದ್ರ ಸರ್ಕಾರ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದರಲ್ಲಿ ಕಳೆಯುತ್ತಾರೆಂದು ಕಂಡುಬಂತು. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಾಗ. ಅಂಥವರು ನೂರಕ್ಕೆ ಸುಮಾರು 26 ಮಂದಿ. ಡೊಂಬಿವಲಿಯಿಂದ ಬೆಳಗಿನ ಗಾಡಿ ಹಿಡಿಯುವ ಹೆಂಗಸು ಎರಡು ಡಬ್ಬಿ ಕಟ್ಟಿ ಬಂದಿರುತ್ತಾಳೆ. ಸಂಜೆ ಮಹಿಳಾ ಬೋಗಿಯಲ್ಲಿ ಸೀಟು ಸಿಕ್ಕರೆ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಗೋರಿಕಾಯಿ ಸೋಸುತ್ತಾಳೆ. ಪಕ್ಕದ ಬೋಗಿಯಲ್ಲಿ ಗಂಡಸರು ಭಜನೆಯೋ ಇಸ್ಪೀಟೋ ನಡೆಸಿರುತ್ತಾರೆ. ಅತಿ ಎನಿಸುವುದು ನನಗೆ ಈ ದೃಶ್ಯ.

ಮನೆಕೆಲಸಕ್ಕೆ ಬಾಯಿ (ಕೆಲಸದಾಕೆ) ಇದ್ದಾಳೆ, ಹಾಗಾಗಿ ನಾನು ಸ್ವತಂತ್ರಳು. ಇದರಲ್ಲಿ ತಪ್ಪೇನು?

ಕೆಲಸದವರನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ನಮ್ಮಂಥ ಓದಿದ ಹೆಂಗಸರ ಸ್ವಾತಂತ್ರ್ಯ ಯಾರ ಬೆನ್ನಿನ ಮೇಲೆ ನಿಂತಿದೆ ಎಂಬುದನ್ನು ನೋಡಲೇಬೇಕು. ನಾವು ಗಂಡಂದಿರ ಜೊತೆ ಜಗಳವಾಡಿ ಮನೆಗೆಲಸವನ್ನು ಅರ್ಧ ಮಾಡಿಕೊಳ್ಳಲಿಲ್ಲ. ಆ ಜಗಳವನ್ನು ತಪ್ಪಿಸಿಕೊಂಡು ಕೆಲಸವನ್ನು ಇನ್ನೊಬ್ಬ ಹೆಂಗಸಿಗೆ ದಾಟಿಸಿದೆವು. ಅವಳು ಹಲವು ಕಡೆ ನಮ್ಮದೇ ಕಲಬುರಗಿ, ಯಾದಗಿರಿ, ವಿಜಯಪುರದವಳು. ಊರಿನಲ್ಲಿ ಮಳೆ ಕೈಕೊಟ್ಟು ಮುಂಬೈ, ಪುಣೆಗೆ ಬಂದವಳು.

ಅವಳೊಂದಿಗೆ ನಾವು ನಡೆದುಕೊಳ್ಳುವ ರೀತಿಯಲ್ಲಿ ನಮ್ಮ ಸ್ತ್ರೀವಾದದ ಸಾಚಾತನ ತಿಳಿಯುತ್ತದೆ. ಮಗುವಿಗೆ ಜ್ವರವೆಂದು ಒಂದು ದಿನ ಬರದಿದ್ದರೆ ‘ಖಾಡಾ’ ಎಂದು ಕ್ಯಾಲೆಂಡರಿನಲ್ಲಿ ಗೀಟು ಎಳೆದು ಪಗಾರ ಮುರಿಯುತ್ತೇವೆ. ಕಚೇರಿಯಲ್ಲಿ ನಮಗೆ ಮಾತ್ರ ಸಂಬಳಸಹಿತ ರಜೆ ಬೇಕು. ನಾನು ಒಂದು ಮಹಿಳಾ ದಿನಾಚರಣೆಗೆ ಅತಿಥಿಯಾಗಿ ಹೋಗಿದ್ದೆ. ಸಮಾನ ವೇತನದ ಬಗ್ಗೆ ಸೊಗಸಾಗಿ ಮಾತನಾಡಿದ ಸದಸ್ಯೆಯೊಬ್ಬರು ಊಟದ ಹೊತ್ತಿಗೆ ನನಗೆ ಹೇಳಿದರು: “ನಮ್ಮ ಬಾಯಿ ನೂರು ರೂಪಾಯಿ ಹೆಚ್ಚು ಕೇಳಿದಳು, ಬಿಡಿಸಿಬಿಟ್ಟೆ. ಇವರಿಗೆಲ್ಲ ತಲೆಗೇರಿದೆ.” ಆ ತಾಯಿಗೆ ತನ್ನ ಎರಡು ಮಾತುಗಳ ನಡುವಿನ ಕಂದಕ ಕಾಣಿಸಲೇ ಇಲ್ಲ.

ಪುಣೆಯ ಮನೆಗೆಲಸದ ಹೆಂಗಸರು 1980ರಲ್ಲೇ ಮುಷ್ಕರ ಹೂಡಿದವರು. ಅವರ ಸಂಘಟನೆ ಹುಟ್ಟಿದ್ದು ಆ ಮುಷ್ಕರದಿಂದ. 2008ರಲ್ಲಿ ಮಹಾರಾಷ್ಟ್ರ ಮನೆಗೆಲಸದವರ ಕಲ್ಯಾಣ ಮಂಡಳಿಗಾಗಿ ಕಾಯ್ದೆ ಮಾಡಿತು. ನನ್ನ ದೃಷ್ಟಿಯಲ್ಲಿ ಈ ನಾಡಿನ ಸ್ತ್ರೀವಾದದ ದೊಡ್ಡ ಗೆಲುವುಗಳಲ್ಲಿ ಅದೂ ಒಂದು. ನಮ್ಮ ಸಂಘಗಳಲ್ಲಿ ಅದನ್ನು ನೆನೆಯುವವರಿಲ್ಲ. ತಿಂಗಳಿಗೆ ನಾಲ್ಕು ರಜೆ, ದೀಪಾವಳಿಗೆ ಒಂದು ತಿಂಗಳ ಪಗಾರದಷ್ಟು ಬೋನಸ್, ವರ್ಷಕ್ಕೊಮ್ಮೆ ಏರಿಕೆ, ನಾವು ಕುಡಿಯುವ ಲೋಟದಲ್ಲೇ ಚಹಾ. ಇಷ್ಟನ್ನು ಮಾಡದ ಮನೆಯಿಂದ ಸಮಾನತೆಯ ಭಾಷಣ ಹೊರಡಬಾರದು.

ಮನೆಯಲ್ಲೇ ಇರುವುದು ನನ್ನ ಆಯ್ಕೆ. ಸ್ತ್ರೀವಾದಿಗಳು ನನ್ನನ್ನು ಏಕೆ ಕೀಳಾಗಿ ನೋಡುತ್ತಾರೆ?

ನೋಡಬಾರದು. ಮನೆ ನಡೆಸುವುದು ದುಡಿಮೆಯೇ. ಆದರೆ ನಿಮ್ಮನ್ನು ಒಂದು ಮಾತು ಕೇಳುತ್ತೇನೆ: ನಿಮ್ಮ ಹೆಸರಿನಲ್ಲಿ ನೀವೇ ನಡೆಸುವ ಬ್ಯಾಂಕ್ ಖಾತೆ ಇದೆಯೇ? ಗಂಡನ ಸಾಲ, ವಿಮೆ, ಠೇವಣಿಗಳ ವಿವರ ಗೊತ್ತಿದೆಯೇ? ಇದ್ದರೆ ಅದು ಆಯ್ಕೆ. ಇಲ್ಲವಾದರೆ ಗಂಡ ಒಳ್ಳೆಯವನಾಗಿರುವಷ್ಟು ಕಾಲ ಮಾತ್ರ ಅದು ಆಯ್ಕೆ.

ಹೆರಿಗೆ ರಜೆ 26 ವಾರ ಆಗಿದೆ. ಆದರೂ ಪುಣೆಯ ನಮ್ಮ ಕಂಪನಿಗಳಲ್ಲಿ ಮದುವೆಯಾದ ಹುಡುಗಿಯರನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಯಾಕೆ?

2017ರ ತಿದ್ದುಪಡಿ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು, ಅದರ ಪೂರ್ತಿ ಸಂಬಳದ ಹೊರೆಯನ್ನು ಕಂಪನಿಯ ಮೇಲೆ ಹಾಕಿತು. ತಂದೆಗೆ ಮಾತ್ರ ಖಾಸಗಿ ವಲಯದಲ್ಲಿ ಒಂದು ದಿನದ ರಜೆಯನ್ನೂ ಕಡ್ಡಾಯ ಮಾಡಲಿಲ್ಲ. ಮಗು ಎಂದರೆ ತಾಯಿಯ ಖರ್ಚು ಎಂದು ಕಾನೂನೇ ಬರೆದಿಟ್ಟಂತಾಯಿತು. ತಂದೆಗೂ ಬಿಡುವಂತಿಲ್ಲದ ರಜೆ ಬರಲಿ, ಸಂಬಳದ ಒಂದು ಭಾಗವನ್ನು ಸರ್ಕಾರ ಹೊರಲಿ. ಆಗ ಮಾತ್ರ ಸಂದರ್ಶನದಲ್ಲಿ ಹುಡುಗಿಯ ಮಾಂಗಲ್ಯದ ಕಡೆಗೆ ಕಣ್ಣು ಹಾಯಿಸುವುದು ನಿಲ್ಲುತ್ತದೆ.

## ಕಾನೂನಿನ ಪ್ರಶ್ನೆಗಳು

498ಎ ದುರುಪಯೋಗ ಆಗುತ್ತಿಲ್ಲವೇ? ನಮ್ಮ ನೆಂಟರ ಮನೆಯಲ್ಲೇ ಮುದುಕಿ ಅತ್ತೆಯ ಹೆಸರನ್ನೂ ಸೇರಿಸಿದ್ದಾರೆ.

ಆಗುತ್ತದೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಶಿಕ್ಷಿಸುವ ಕಲಮು ಅದು. ಅದರ ದುರುಪಯೋಗವನ್ನು ಒಪ್ಪಿಕೊಳ್ಳಲು ಸ್ತ್ರೀವಾದಿಗಳು ಹಿಂಜರಿಯುವುದು ನನಗೆ ಸರಿಕಾಣುವುದಿಲ್ಲ. ಜಗಳ ಗಂಡ ಹೆಂಡತಿಯದು. ಆದರೆ ದೂರಿನಲ್ಲಿ ಬೇರೆ ಊರಿನಲ್ಲಿರುವ ನಾದಿನಿಯನ್ನೂ ಹಾಸಿಗೆ ಹಿಡಿದ ಅತ್ತೆಯನ್ನೂ ಸೇರಿಸುವುದು ಒತ್ತಡ ಹೇರುವ ತಂತ್ರವಾಗಿದೆ. ಆ ಅತ್ತೆ ನಾದಿನಿಯರೂ ಹೆಂಗಸರೇ ಎಂಬುದನ್ನು ನಾವು ಮರೆಯುತ್ತೇವೆ.

ಹಾಗೆಂದು ಕಲಮನ್ನೇ ಕಿತ್ತುಹಾಕಿ ಎನ್ನುವವರಿಗೆ 1983ಕ್ಕೆ ಮುಂಚಿನ ಸ್ಥಿತಿ ಗೊತ್ತಿಲ್ಲ. ಮನೆಯೊಳಗಿನ ಕ್ರೌರ್ಯಕ್ಕೆ ಪ್ರತ್ಯೇಕವಾದ ಅಪರಾಧವೇ ಇರಲಿಲ್ಲ. ಹೆಣ್ಣು ಸುಟ್ಟು ಸತ್ತ ಮೇಲೆ ಸ್ಟವ್ ಸಿಡಿಯಿತು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದ ಕಾಲ ಅದು. ಮಧ್ಯದ ದಾರಿ ಈಗಾಗಲೇ ಇದೆ. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಣ್ಣು ಮುಚ್ಚಿ ಬಂಧಿಸುವಂತಿಲ್ಲ, ಬಂಧನ ಏಕೆ ಅಗತ್ಯ ಎಂದು ಪೊಲೀಸರು ಕಾರಣ ದಾಖಲಿಸಬೇಕು ಎಂದು ಹೇಳಿತು. 2024ರ ಜುಲೈ 1ರಿಂದ ಈ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಜೊತೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಅದರಲ್ಲಿ ವಾಸದ ಹಕ್ಕು, ರಕ್ಷಣಾ ಆದೇಶ, ಜೀವನಾಂಶ ಸಿಗುತ್ತವೆ. ಬಹಳ ಹೆಂಗಸರಿಗೆ ನಿಜವಾಗಿ ಬೇಕಿರುವುದು ಗಂಡನ ಜೈಲುವಾಸಕ್ಕಿಂತ ಹೆಚ್ಚಾಗಿ ಇವೇ. ಆ ದಾರಿಯನ್ನು ಮೊದಲು ತೋರಿಸದ ವಕೀಲರ ಮೇಲೆ ನನಗೆ ಕೋಪವಿದೆ.

ಹೆಣ್ಣು ದೂರು ಕೊಟ್ಟರೆ ನಂಬಲೇಬೇಕು ಎನ್ನುತ್ತಾರೆ. ನೀವೂ ಹಾಗೇ ಹೇಳುತ್ತೀರಾ?

ಕೇಳಿಸಿಕೊಳ್ಳಲೇಬೇಕು, ತನಿಖೆ ಮಾಡಲೇಬೇಕು ಎನ್ನುತ್ತೇನೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಆಕೆಯ ಮೈಮೇಲೆ ಗಾಯವಿಲ್ಲ, ಆಕೆ ಕೂಗಲಿಲ್ಲ ಎಂಬ ಕಾರಣ ಕೊಟ್ಟು ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. 1979ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು, ಮುಂಬೈಯ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನೇ ಬದಲಾಯಿತು. ಅವರು ಕೇಳಿದ್ದು ನ್ಯಾಯವಾದ ಸಾಕ್ಷ್ಯ ನಿಯಮವನ್ನು. ವಿಚಾರಣೆಯೇ ಬೇಡ ಎಂದು ಅವರು ಹೇಳಲಿಲ್ಲ.

2013ರ ಕಾಯ್ದೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಪ್ರತಿ ಕಚೇರಿಯಲ್ಲೂ ದೂರು ಸಮಿತಿ ಇರಬೇಕು, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು ಮತ್ತು ಹೊರಗಿನ ಒಬ್ಬ ಸದಸ್ಯರು ಇರಬೇಕು ಎನ್ನುತ್ತದೆ. 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು, ಇಬ್ಬರ ಮಾತನ್ನೂ ಕೇಳಬೇಕು. ದೂರು ಸಾಬೀತಾಗಲಿಲ್ಲ ಎಂಬ ಮಾತ್ರಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ ಎಂದೂ ಬರೆದಿದೆ. ಇಷ್ಟು ಹದವಾದ ಕಾನೂನನ್ನು ಬದಿಗಿಟ್ಟು ಮೊಬೈಲಿನಲ್ಲೇ ತೀರ್ಪು ಕೊಡುವುದರಿಂದ ಹೆಣ್ಣಿಗೂ ನ್ಯಾಯ ಸಿಗುವುದಿಲ್ಲ. ನಮ್ಮ ಉಡುಪಿ ಹೋಟೆಲುಗಳಲ್ಲಿ, ಸಹಕಾರಿ ಸೊಸೈಟಿಗಳಲ್ಲಿ ಇಂಥ ಸಮಿತಿಯ ಫಲಕವನ್ನು ಹುಡುಕಿ ನೋಡಿ. ಕಾಣಿಸದಿದ್ದರೆ ಮಾಲೀಕರನ್ನು ಕೇಳಿ.

ಸಮಾನತೆ ಬೇಕೆನ್ನುತ್ತೀರಿ, ಮಹಿಳಾ ಬೋಗಿಯೂ ಬೇಕು, ಎಸ್.ಟಿ. ಬಸ್ಸಿನಲ್ಲಿ ಅರ್ಧ ಟಿಕೆಟ್ಟೂ ಬೇಕು. ಇದು ಯಾವ ನ್ಯಾಯ?

1992ರಲ್ಲಿ ಚರ್ಚ್‌ಗೇಟ್–ಬೊರಿವಲಿ ನಡುವೆ ಮೊದಲ ಮಹಿಳಾ ವಿಶೇಷ ರೈಲು ಓಡಿದಾಗಲೂ ಇದೇ ಪ್ರಶ್ನೆ ಬಂದಿತ್ತು. ನೂಕುನುಗ್ಗಲಿನಲ್ಲಿ ಮೈ ಸವರುವ ಕೈಗಳಿಲ್ಲದೆ ಹೋಗಿದ್ದರೆ ಆ ರೈಲು ಬೇಕಾಗುತ್ತಿರಲಿಲ್ಲ. ಅದು ಸುರಕ್ಷತೆಯ ವ್ಯವಸ್ಥೆ. 2023ರಲ್ಲಿ ಬಂದ ಅರ್ಧ ಟಿಕೆಟ್ಟಿನ ಬಗ್ಗೆಯೂ ನನಗೆ ಆಕ್ಷೇಪವಿಲ್ಲ. ಸ್ವಂತ ದುಡ್ಡಿಲ್ಲದ ಹೆಂಗಸು ಅದರಿಂದ ಮನೆಯಿಂದ ಹೊರಬೀಳುತ್ತಾಳೆ. 2024ರಿಂದ ಮಹಾರಾಷ್ಟ್ರ ‘ಲಾಡಕಿ ಬಹೀಣ್’ (ಮುದ್ದಿನ ಸಹೋದರಿ) ಯೋಜನೆಯಲ್ಲಿ ಕೊಡುತ್ತಿರುವ ತಿಂಗಳ 1,500 ರೂಪಾಯಿ ಬಡ ಮನೆಗಳಲ್ಲಿ ಔಷಧಿಗೆ, ಗ್ಯಾಸಿಗೆ ಆಗುತ್ತಿದೆ. ಅದನ್ನು ಹೀಯಾಳಿಸಲಾರೆ. ಆದರೆ ಖಾತೆಗೆ ಹಣ ಹಾಕಿದ ಸರ್ಕಾರ ಅವಳಿಗೆ ಕೆಲಸ, ಕೂಲಿ, ಜಮೀನಿನ ಹಕ್ಕು ಕೊಡಿಸುವ ಹೊಣೆಯಿಂದ ನುಣುಚಿಕೊಳ್ಳಬಾರದು. ಸಹೋದರಿ ಎಂದು ಕರೆಯುವವರು ಸಹೋದರಿಯ ಪಾಲಿನ ಮಾತನ್ನೂ ಆಡಲಿ.

## ಕಷ್ಟದ ಪ್ರಶ್ನೆಗಳು

ಗಂಡಸರ ಕಷ್ಟವನ್ನು ಯಾರು ಕೇಳುತ್ತಾರೆ?

ಕೇಳಬೇಕು. ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಗಂಡಸರು. ಮುಂಬೈಯ ಕನ್ನಡಿಗರ ಚರಿತ್ರೆಯೇ ಹೋಟೆಲಿನ ಹುಡುಗರ ಚರಿತ್ರೆ. ಹನ್ನೆರಡು-ಹದಿಮೂರಕ್ಕೆ ಊರು ಬಿಟ್ಟು, ಟೇಬಲು ಒರೆಸಿ, ಅಂಗಡಿ ಮುಚ್ಚಿದ ಮೇಲೆ ಅದೇ ನೆಲದಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಕಲಿತವರು. ಅವರ ಹೆಂಡಂದಿರು ಊರಿನಲ್ಲಿ, ವರ್ಷಕ್ಕೊಮ್ಮೆ ಭೇಟಿ. ಹೆಣ್ಣಿನ ಬವಣೆ ಬರೆಯುವಾಗ ಇವರ ಬವಣೆಯನ್ನು ‘ಗಂಡಾಳ್ವಿಕೆಯ ಫಲಾನುಭವಿ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ಗಂಡಸು ಅಳಬಾರದು, ಮನೆ ನಡೆಸುವುದು ಅವನೊಬ್ಬನ ಹೊಣೆ ಎಂಬ ಕಟ್ಟಳೆ ಎರಡೂ ಕಡೆಯವರನ್ನು ಕೊಂದಿದೆ. ಹೆಣ್ಣಿಗೆ ದುಡಿಮೆ, ಆಸ್ತಿ ಬಂದರೆ ಗಂಡಸಿನ ಹೆಗಲೂ ಹಗುರವಾಗುತ್ತದೆ. ಆದರೆ ಹೆಂಗಸರ ಕಷ್ಟ ಹೇಳುವಾಗ ಮಾತ್ರ ಗಂಡಸರ ಕಷ್ಟ ನೆನಪಾಗುವವರಿಗೆ ಒಂದು ಮಾತು: ಹೋಟೆಲ್ ಕಾರ್ಮಿಕರ ಭವಿಷ್ಯನಿಧಿಗಾಗಿ ನೀವು ಎಂದಾದರೂ ಪತ್ರ ಬರೆದಿದ್ದೀರಾ?

ನಮ್ಮ ಸಂಘದ ಅರಸಿನ ಕುಂಕುಮ, ಮಹಿಳಾ ದಿನಾಚರಣೆಗಳನ್ನೂ ನೀವು ಟೀಕಿಸುತ್ತೀರಿ. ಅವು ಹೆಂಗಸರು ಒಂದೆಡೆ ಸೇರುವ ಅವಕಾಶವಲ್ಲವೇ?

ಅವಕಾಶವೇ. ಮನೆಯಿಂದ ಹೊರಬಂದು ಹಾಡಿ, ನಕ್ಕು, ಊಟ ಮಾಡಿ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ಆಕ್ಷೇಪ ಬಾಗಿಲ ಬಳಿ ನಿಂತ ಹೆಂಗಸಿನ ಪರವಾಗಿ. ಇಡೀ ಕಾರ್ಯಕ್ರಮಕ್ಕೆ ಕುರ್ಚಿ ಹಾಕಿಸಿ, ತಿಂಡಿ ಮಾಡಿಸಿದ ಕಾರ್ಯಕರ್ತೆಗೆ ಗಂಡ ತೀರಿಕೊಂಡಿದ್ದಾನೆಂಬ ಕಾರಣಕ್ಕೆ ಕುಂಕುಮ ಹಚ್ಚದೆ ಮುಂದೆ ಹೋಗುವುದನ್ನು ನೋಡಿದ್ದೇನೆ. ಅದೇ ವೇದಿಕೆಯಲ್ಲಿ ಎರಡು ತಿಂಗಳ ಬಳಿಕ ಮಹಿಳಾ ಸಬಲೀಕರಣದ ಭಾಷಣ. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಸಣ್ಣ ಗ್ರಾಮ ಪಂಚಾಯಿತಿ ವಿಧವೆಯರ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಯನ್ನು ಠರಾವು ಮಾಡಿ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ಎಲ್ಲ ಪಂಚಾಯಿತಿಗಳಿಗೂ ಆ ಮಾದರಿಯನ್ನು ಅನುಸರಿಸಲು ಸೂಚಿಸಿತು. ಒಂದು ಹಳ್ಳಿ ಮಾಡಿದ್ದನ್ನು ಮುಂಬೈಯ ಸುಶಿಕ್ಷಿತ ಸಂಘಗಳು ಒಂದು ಠರಾವಿನಲ್ಲಿ ಮಾಡಬಹುದು. ಈ ಜನವರಿಯ ಅರಸಿನ ಕುಂಕುಮದಲ್ಲೇ ಮಾಡಬಹುದು.

ಒಳಗಿದ್ದುಕೊಂಡೇ ಹೀಗೆ ಟೀಕಿಸಿದರೆ ವಿರೋಧಿಗಳ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ?

ಅವರ ಕೈಯಲ್ಲಿ ಕೋಲು ಮೊದಲೇ ಇದೆ. ನಾನು ಸುಮ್ಮನಿದ್ದರೆ ಅದು ಬೀಳುವುದಿಲ್ಲ. ನಮ್ಮ ಲೋಪವನ್ನು ನಾವೇ ಹೇಳದಿದ್ದರೆ ದ್ವೇಷದಿಂದ ಹೇಳುವವರ ಮಾತಿಗೇ ಜನ ಕಿವಿಗೊಡುತ್ತಾರೆ.

ನನಗೆ ಮಕ್ಕಳಿಲ್ಲ, ಗಂಡ ತೀರಿಕೊಂಡಿದ್ದಾರೆ. ನಾನು ದುಡಿದು ಮಾಡಿದ ಫ್ಲಾಟ್ ನನ್ನ ನಂತರ ನನ್ನ ತಂಗಿಗೆ ಹೋಗುತ್ತದೆಯಲ್ಲವೇ?

ಉಯಿಲು ಬರೆಯದಿದ್ದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಈ ವಿಷಯ ತಿಳಿಯದವರೇ ಹೆಚ್ಚು, ತಿಳಿದಾಗ ನಂಬಲೂ ಆಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ ಮಕ್ಕಳಿಲ್ಲದ ವಿಧವೆಯ ಸ್ವಯಾರ್ಜಿತ ಆಸ್ತಿ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಾಯಿತಂದೆ ಅವರ ನಂತರ. ಸುಪ್ರೀಂ ಕೋರ್ಟಿನ ಮುಂದೆ 2009ರಲ್ಲಿ ಬಂದ ನಾರಾಯಣಿ ದೇವಿಯ ಪ್ರಕರಣ ಇದಕ್ಕೆ ಸಾಕ್ಷಿ. ಮದುವೆಯಾದ ಮೂರೇ ತಿಂಗಳಲ್ಲಿ ವಿಧವೆಯಾಗಿ, ಗಂಡನ ಮನೆಯವರು ಹೊರಹಾಕಿದ ಮೇಲೆ ತವರಿನವರು ಓದಿಸಿದರು, ಆಕೆ ನೌಕರಿ ಮಾಡಿ ಹಣ ಕೂಡಿಟ್ಟಳು. ಸತ್ತ ಮೇಲೆ ಆ ಹಣ ಸೇರಿದ್ದು ಹೊರಹಾಕಿದ ಮನೆಗೇ. ಅನುಕಂಪ ಕಾನೂನನ್ನು ಬದಲಿಸಲಾರದು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಮಕ್ಕಳಿಲ್ಲದ ವಿಧುರ ಸತ್ತರೆ ಅವನ ಆಸ್ತಿ ಅವನ ರಕ್ತಸಂಬಂಧಿಗಳಿಗೇ ಹೋಗುತ್ತದೆ, ಹೆಂಡತಿಯ ತವರಿಗೆ ಹೋಗುವುದಿಲ್ಲ. ಇಷ್ಟು ಬಹಿರಂಗವಾದ ಅಸಮಾನತೆ ಕಾನೂನು ಪುಸ್ತಕದಲ್ಲಿ 1956ರಿಂದ ಕುಳಿತಿದೆ. ಇಂದಿನ ಸ್ತ್ರೀವಾದ ತನ್ನ ಶಕ್ತಿಯ ಒಂದು ಪಾಲನ್ನು ಇದರ ಮೇಲೆ ಹಾಕಿದರೆ ನನ್ನ ತಕರಾರಿನ ಅರ್ಧ ಕಡಿಮೆಯಾಗುತ್ತದೆ.

ಅಳಿಯಸಂತಾನ ಕಟ್ಟಿಗೆ ಸೇರಿದವರಿಗೆ ಅದೇ ಕಾಯ್ದೆಯ 17ನೇ ಕಲಮು ಬೇರೆ ಕ್ರಮವನ್ನು ಹೇಳುತ್ತದೆ. ಅಲ್ಲಿ ತಾಯಿಯ ಕಡೆಯವರಿಗೆ ಆದ್ಯತೆ ಇದೆ. ನೀವು ಯಾವ ಕಟ್ಟಿಗೆ ಸೇರಿದವರು ಎಂಬುದನ್ನು ವಕೀಲರ ಬಳಿ ಖಚಿತಪಡಿಸಿಕೊಳ್ಳಿ. ಅದಕ್ಕೂ ಮೊದಲು ಉಯಿಲು ಬರೆಯಿರಿ. ಬಿಳಿ ಹಾಳೆ ಸಾಕು, ಮುದ್ರಾಂಕ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ನೀವು ಸಹಿ ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ತಂಗಿಗೆ ಬರೆಯುವುದಾದರೆ ತಂಗಿಯನ್ನಾಗಲಿ ಅವಳ ಗಂಡನನ್ನಾಗಲಿ ಸಾಕ್ಷಿ ಮಾಡಬೇಡಿ. ಸೊಸೈಟಿಯಲ್ಲಿ ತುಂಬಿಕೊಟ್ಟ ನಾಮಿನೇಷನ್ ಉಯಿಲಿಗೆ ಬದಲಿಯಲ್ಲ, ಎರಡೂ ಒಂದೇ ಹೆಸರಿನಲ್ಲಿರಲಿ. ಮೂಲ ಪ್ರತಿ ಎಲ್ಲಿದೆ ಎಂದು ನೀವು ನಂಬುವ ಒಬ್ಬರಿಗಾದರೂ ಹೇಳಿಡಿ.